ಒಂದನೇ ಕ್ಲಾಸಿನ ಆನೆ

ಮೊನ್ನೆ ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡು ಕೇಳಿದರು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಬೆಳಗಾದರೆ ಈ ಕಾರ್ಡು ಹುಡುಕುವುದೇ ನನಗೊಂದು ವ್ಯಾಯಾಮ. ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದೆ. ಮೊದಲು ಸೀಮೆಸುಣ್ಣದ ಡಬ್ಬಿ ಬಂತು. ಆಮೇಲೆ ಹಲ್ಲು ಮುರಿದ ಬಾಚಣಿಗೆ. ಆಮೇಲೆ ಮೆತ್ತಗಿನದು ಏನೋ ಸಿಕ್ಕಿತು. ಎಳೆದೆ, ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಬೂದು ಬಣ್ಣದ, ಮೊಳದುದ್ದದ, ತುದಿಯಲ್ಲಿ ಎರಡು ಗುಲಾಬಿ ಚುಕ್ಕೆ ಹೊಲಿದ ಆನೆಯ ಸೊಂಡಿಲು ಇಡೀ ಬಸ್ಸಿನ ಮುಂದೆ ನನ್ನ ಕೈಯಲ್ಲಿ ತೂಗಾಡುತ್ತಿತ್ತು. ಕಂಡಕ್ಟರು ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಮೇಡಂ, ಇದುಕ್ಕೆ ಕಾರ್ಡ್ ಐತಾ?" ಎಂದರು.

ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಕೂತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದವರು ಸಾತನೂರು ಬಂದರೂ ನಿಲ್ಲಿಸಲಿಲ್ಲ. ನಾನೂ ನಕ್ಕೆ. ಆದರೆ ನನ್ನ ನಗು ಬೇರೆಯದಕ್ಕೆ. ಆ ಸೊಂಡಿಲು ಕಂಡರೆ ನನಗೆ ಆಗುವುದೇ ಹಾಗೆ. ಅದನ್ನು ಶಾಲೆಯ ಬೀರುವಿನಲ್ಲಿ ಬಿಡದೆ ನಾನೇ ಹೊತ್ತು ತಿರುಗುವುದಕ್ಕೆ ಕಾರಣವಿದೆ. ಕೂತುಕೊಳ್ಳಿ, ಹೇಳುತ್ತೇನೆ.

ನಾನು ಆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಡಂ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳುವುದು ನನ್ನ ಕೆಲಸ. ಹೇಳುವುದು ಅಂತ ಬಾಯಿಮಾತಿಗೆ ಅಂದೆ. ನಿಜದಲ್ಲಿ ಕೋಳಿಯಾಗುವುದು, ಕೋಳಿ ಹಿಡಿಯುವ ನರಿಯಾಗುವುದು, ನರಿಯನ್ನು ಓಡಿಸುವ ಮುದುಕಿಯಾಗುವುದು, ಇವುಗಳ ನಡುವೆ ಯಾರದೋ ಚಡ್ಡಿಗೆ ಗುಂಡಿ ಹಾಕಿ, ಯಾರದೋ ಮೂಗು ಒರೆಸಿ, ಮತ್ತೆ ಕೋಳಿಯಾಗುವುದು. ಆರು ವರ್ಷದ ಮಗುವಿನ ಮುಂದೆ ನಿಂತು "ಈಗ ನಾವು ಹಂಚಿಕೊಂಡು ತಿನ್ನುವುದರ ಬಗ್ಗೆ ತಿಳಿಯೋಣ" ಎಂದು ನೋಡಿ, ಅದು ಕಿಟಕಿಯಾಚೆ ಹೋಗುವ ಟ್ರ್ಯಾಕ್ಟರ್ ನೋಡುತ್ತದೆ. "ಒಂದೂರಲ್ಲಿ ಒಂದು ಹೊಟ್ಟೆಬಾಕ ಅಳಿಲಿತ್ತು" ಎನ್ನಿ, ಟ್ರ್ಯಾಕ್ಟರ್ ಕೋಣೆಯೊಳಕ್ಕೇ ಬಂದರೂ ತಿರುಗುವುದಿಲ್ಲ.

ಸೊಂಡಿಲು ನಮ್ಮ ಯಜಮಾನರ ಹಳೆಯ ಪ್ಯಾಂಟಿನ ಎಡಗಾಲು. ಹಳೆಯದು ಎನ್ನುವುದು ನನ್ನ ಅಭಿಪ್ರಾಯ. ಅವರು ಬಹಳ ದಿನ ಅದನ್ನು ಹುಡುಕಿದರು. ಕೊನೆಗೆ ನಮ್ಮ ಶಾಲೆಯ ವಾಟ್ಸಾಪ್ ಫೋಟೋದಲ್ಲಿ ಒಂದು ಮಗುವಿನ ಮುಖಕ್ಕೆ ಕಟ್ಟಿದ್ದನ್ನು ಕಂಡು ಗುರುತು ಹಿಡಿದರು. ಬಲಗಾಲು ಏನಾಯಿತು ಎಂದು ಮಾತ್ರ ಕೇಳಿದರು. ಅದು ಹೆಬ್ಬಾವಾಗಿದೆ ಎಂದೆ.

ಈ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ನನ್ನ ತವರು ಚನ್ನಪಟ್ಟಣದ ಬಳಿಯ ಬೈರಾಪಟ್ಟಣ. ಅಪ್ಪನಿಗೆ ಹಗಲು ಹೊಲ, ಸಂಜೆ ನಾಟಕದ ತಾಲೀಮು. ಊರಿನವರು ಆಡುತ್ತಿದ್ದ ಪೌರಾಣಿಕ ನಾಟಕದಲ್ಲಿ ಅವರದು ಗದೆ ಹೊರುವ ಪಾತ್ರ. ನಾಟಕ ಮುಗಿದ ಮೇಲೂ ಒಂದಿಷ್ಟು ದಿನ ಅವರು ಆ ಪಾತ್ರದಿಂದ ಕೆಳಗಿಳಿಯುತ್ತಿರಲಿಲ್ಲ. ಹಟ್ಟಿಬಾಗಿಲಲ್ಲಿ ನಿಂತು ಹಾರ್ಮೋನಿಯಂ ಶ್ರುತಿಯಲ್ಲಿ "ಯಾರಲ್ಲಿ?" ಎನ್ನುತ್ತಿದ್ದರು. ಅವ್ವ ಒಲೆಯ ಮುಂದಿನಿಂದಲೇ, "ಯಾರೂ ಇಲ್ಲ, ಎಮ್ಮೆ ಒಂದೈತೆ, ಬಂದು ಹಾಲು ಕರೀರಿ" ಎನ್ನುತ್ತಿದ್ದಳು. ಅಪ್ಪ ಗಂಭೀರವಾಗಿ ಹೋಗಿ, ಗದೆ ಹಿಡಿದ ಠೀವಿಯಲ್ಲೇ ಕೊಳಗ ಹಿಡಿದು ಕೂರುತ್ತಿದ್ದರು.

ನನ್ನ ರಂಗಪ್ರವೇಶ ಇಷ್ಟು ಘನವಾಗಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಮರದ ಪಾತ್ರ ಕೊಟ್ಟರು. ಮೈತುಂಬ ಹೊಂಗೆಸೊಪ್ಪು ಕಟ್ಟಿ ವೇದಿಕೆಯ ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಾಡಬೇಡ ಎಂದಷ್ಟೇ ನನಗೆ ಹೇಳಿಕೊಟ್ಟದ್ದು. ಸೊಪ್ಪಿನೊಳಗಿದ್ದ ಕೆಂಪಿರುವೆಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಇಬ್ಬರು ರಾಜರು ಕತ್ತಿ ಎತ್ತಿ ಎದುರುಬದುರು ನಿಂತಿದ್ದಾಗ, ಇಬ್ಬರ ನಡುವೆ ಒಂದು ಮರ ಕಿರುಚಿಕೊಂಡು ಓಡಿಹೋಯಿತು. ಯುದ್ಧಭೂಮಿಯಿಂದ ರಾಜರಿಗಿಂತ ಮೊದಲು ಪಲಾಯನ ಮಾಡಿದ ಮರ ನಾನೊಬ್ಬಳೇ ಇರಬೇಕು. ಅಪ್ಪ ಮಾತ್ರ ಮನೆಗೆ ಹೋಗುವ ದಾರಿಯಲ್ಲಿ, ಓಟ ಚೆನ್ನಾಗಿತ್ತು, ಜನ ಎಲ್ಲ ನಿನ್ನನ್ನೇ ನೋಡಿದರು ಎಂದು ಬೆನ್ನು ತಟ್ಟಿದರು.

ಇರಲಿ, ಆನೆಯ ವಿಷಯಕ್ಕೆ ಬರುತ್ತೇನೆ.

ಅದು ಹೋದ ವರ್ಷ, ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಒಂದು ಗುರುವಾರ ಒಂದನೇ ಕ್ಲಾಸಿನವರಿಗೆ 'ಆ' ಅಕ್ಷರ ಕಲಿಸುತ್ತಿದ್ದೆ. ಆ ಎಂದರೆ ಆನೆ. ಆನೆ ಯಾರು ನೋಡಿದ್ದೀರಿ ಎಂದು ಕೇಳಿಬಿಟ್ಟೆ. ಬೇರೆ ಕಡೆಯ ಮಕ್ಕಳಾದರೆ ಟಿವಿಯಲ್ಲಿ ನೋಡಿದ್ದೇವೆ ಎನ್ನುತ್ತವೆ. ಇಲ್ಲಿ ಕಾಡು ಕೂಗಳತೆಯಲ್ಲಿದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಅಳಿಯಂದಿರ ಹಾಗೆ ಹೇಳದೆ ಕೇಳದೆ ಬರುತ್ತವೆ. ಹಾಗಾಗಿ ಕೋಣೆಯಲ್ಲಿ ಒಂದೇ ಗದ್ದಲ. ಒಬ್ಬರ ತೋಟದ ಬಾಳೆ ಮುರಿದಿತ್ತು, ಇನ್ನೊಬ್ಬರ ನೀರಿನ ಪೈಪು ತುಳಿದಿತ್ತು. ಮೂರನೇ ಕ್ಲಾಸಿನ ಪ್ರೀತಮ್ ತಮ್ಮ ಮನೆಯ ಕಿಟಕಿಯಲ್ಲಿ ಸೊಂಡಿಲು ತೂರಿಸಿ ಆನೆ ಟಿವಿ ನೋಡಿತು ಎಂದ. ಯಾವ ಧಾರಾವಾಹಿ ಎಂದು ಕೇಳಿದೆ. ಅವನು ತಡವರಿಸದೆ ಹೆಸರು ಹೇಳಿದ.

ಅಕ್ಷರ ಪಕ್ಕಕ್ಕಿಟ್ಟು ನಾನು ಕಥೆ ಕಟ್ಟಲು ಶುರುಮಾಡಿದೆ. ಒಂದು ಆನೆಮರಿ ದಾರಿ ತಪ್ಪಿ ಒಂದು ಊರಿನ ರಾಗಿ ಹೊಲಕ್ಕೆ ಬಂತು. ಊರಿನವರು ಏನು ಮಾಡಿದರು? ಬನ್ನಿ, ಆಡಿ ನೋಡೋಣ. ಎಲ್ಲರೂ ಆನೆಯಾಗುತ್ತೇವೆ ಎಂದರು, ರಾಗಿಯಾಗಲು ಒಬ್ಬರೂ ಒಪ್ಪಲಿಲ್ಲ. ನಾನು ಸಿಂಚನಾಳನ್ನು ಆನೆ ಮಾಡಿದೆ.

ಇದಕ್ಕೆ ಕಾರಣ ಅವಳ ಅಭಿನಯ ಅಲ್ಲ, ಅವಳ ಬಾಯಿ. ಒಂದನೇ ಕ್ಲಾಸಿನ ಸಿಂಚನ ಶಾಲೆಯ ಗೇಟಿನ ಒಳಗೆ ಕಾಲಿಟ್ಟಾಗ ಶುರುಮಾಡಿದ ಮಾತು ಸಂಜೆ ಗೇಟಿನ ಆಚೆಗೂ ಮುಗಿಯುತ್ತಿರಲಿಲ್ಲ. ಅವರ ಮನೆಯ ರೇಷ್ಮೆಹುಳ ಎಷ್ಟು ಸೊಪ್ಪು ತಿಂದಿತು, ಅವರ ಅಜ್ಜಿ ಅವರಮ್ಮನಿಗೆ ಏನಂದಳು, ಅದಕ್ಕೆ ಅವರಮ್ಮ ಪಾತ್ರೆ ಹೇಗೆ ಕುಕ್ಕಿದಳು, ಎಲ್ಲ ನನಗೆ ದಿನವೂ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತು ಕಿವಿಗೆ ವಿರಾಮ ಸಿಗಲಿ ಎಂಬ ದುರಾಸೆಯಿಂದ ಮಾತೇ ಇಲ್ಲದ ಪಾತ್ರವನ್ನು ಅವಳಿಗೆ ಕೊಟ್ಟೆ. ಸೊಂಡಿಲು ಕಟ್ಟಿ, ಕಿವಿಗೆ ಎರಡು ಮೊರದಂಥ ರಟ್ಟು ಸಿಕ್ಕಿಸಿ, ಆನೆ ಮಾತಾಡುವುದಿಲ್ಲ ಗೊತ್ತಾಯಿತಾ ಎಂದೆ. ಅವಳು ತಲೆ ಆಡಿಸಿದಳು.

ಆಮೇಲಿನದು ಅದ್ಭುತ. ಆ ಮಗು ಹೆಜ್ಜೆ ಹಾಕಿದ ಠೀವಿಗೆ ಕೋಣೆಯ ನೆಲ ಅಲುಗಿದಂತಾಯಿತು. ರಾಗಿಯಾಗಲು ಒಪ್ಪದವರೆಲ್ಲ ತಾವಾಗಿಯೇ ಸಾಲಾಗಿ ನಿಂತು ತೆನೆಯಂತೆ ತೂಗಿದರು. ಆನೆ ಒಬ್ಬೊಬ್ಬರ ತಲೆಯನ್ನೂ ಸೊಂಡಿಲಿನಿಂದ ಸವರಿ ತಿಂದಿತು. ತಿನ್ನಿಸಿಕೊಂಡವರು ಖುಷಿಯಿಂದ ಬಿದ್ದು ಹೊರಳಿದರು. ಪ್ರೀತಮ್ ಅರಣ್ಯ ಇಲಾಖೆಯವನಾಗಿ ಫೋನ್ ಹಿಡಿದು, "ಹಲೋ, ಹಲೋ, ನೆಟ್‌ವರ್ಕ್ ಸಿಕ್ತಿಲ್ಲ" ಎನ್ನುತ್ತ ಬೆಂಚಿನ ಮೇಲೆ ಹತ್ತಿದ. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು.

ಊಟ ಮಾಡಿ ಬನ್ನಿ, ಆಮೇಲೆ ಆನೆಯನ್ನು ಕಾಡಿಗೆ ಕಳಿಸೋಣ, ಅಲ್ಲಿಯವರೆಗೆ ಯಾರೂ ಪಾತ್ರ ಬಿಡಬಾರದು ಎಂದೆ. ಊಟವಾದ ಮೇಲೆ ಹೆಡ್‌ಮಾಸ್ಟರ್ ಸಿದ್ದಪ್ಪನವರು ಕರೆದರು. ನಾಳೆ ಕನಕಪುರದಲ್ಲಿ ತರಬೇತಿಯಂತೆ, ನಾನೇ ಹೋಗಬೇಕಂತೆ. ಹೋಗುವ ಮೊದಲು ಮಕ್ಕಳ ವಿವರವನ್ನೆಲ್ಲ ಕಂಪ್ಯೂಟರಿಗೆ ತುಂಬಬೇಕಂತೆ. ಕಂಪ್ಯೂಟರು ಆನ್ ಆಗುವಷ್ಟರಲ್ಲಿ ಸಂಜೆಯಾಯಿತು.

ತರಬೇತಿ ಯಾವುದರ ಬಗ್ಗೆ ಅಂತೀರಿ? ತರಗತಿಯಲ್ಲಿ ಕಥೆ ಮತ್ತು ನಾಟಕ. ಕಲಿಸಲು ಬಂದಿದ್ದ ತೆಳ್ಳನೆಯ ಹುಡುಗ ನಮ್ಮನ್ನೆಲ್ಲ ಚಿಟ್ಟೆಗಳಾಗಿ ಹಾರಲು ಹೇಳಿದ. ತಾಲ್ಲೂಕಿನ ಮೇಷ್ಟ್ರು ಮೇಡಮ್ಮುಗಳೆಲ್ಲ ಏಕಕಾಲಕ್ಕೆ ಹಾರಿದಾಗ ಫ್ಯಾನಿನ ಅವಶ್ಯಕತೆ ಬೀಳಲಿಲ್ಲ. ಕಂಬಳಿಹುಳವಾಗಿ ನೆಲದ ಮೇಲೆ ಮಲಗಿದ ಒಬ್ಬ ಹಿರಿಯ ಗಣಿತದ ಮೇಷ್ಟ್ರು ಮಂಡಿನೋವಿನಿಂದ ಏಳಲಾಗದೆ, ನಾನು ಗೂಡಿನಲ್ಲೇ ಇರುತ್ತೇನೆ, ನೀವು ಮುಂದುವರಿಸಿ ಎಂದರು. ನಾನು ನನ್ನ ಆನೆಯ ಕಥೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಕ್ಕಳು ಹೀಗೆ ಪಾತ್ರದೊಳಗೆ ಇಳಿಯಬೇಕು ಎಂದು ಹುಡುಗ ಮೆಚ್ಚಿದ. ಪಾತ್ರದಿಂದ ಅವರನ್ನು ಹೊರಗೆ ತರುವುದು ಹೇಗೆ ಎಂಬುದು ಮಧ್ಯಾಹ್ನದ ಪಾಠ. ಊಟಕ್ಕೆ ಒಬ್ಬಟ್ಟು ಇದ್ದುದರಿಂದ ಆ ಪಾಠದ ಹೊತ್ತಿಗೆ ನನಗೆ ಗಾಢವಾದ ತೂಕಡಿಕೆ ಬಂದಿತ್ತು.

ಶನಿವಾರ ಭಾನುವಾರ ಕಳೆದವು. ಶನಿವಾರದ ಅರ್ಧ ದಿನವನ್ನೂ ಕನಕಪುರದಲ್ಲಿ ಚಿಟ್ಟೆಯಾಗಿಯೇ ಕಳೆದಿದ್ದೆ. ಸೋಮವಾರ ಬಸ್ಸಿಳಿದು ಶಾಲೆಗೆ ಬಂದರೆ ಗೇಟಿನ ಬಳಿ ಸಿಂಚನಾಳ ಅಮ್ಮ ಸವಿತಾ ಮಗಳ ಕೈ ಹಿಡಿದು ನಿಂತಿದ್ದಳು. ಇಪ್ಪತ್ತೈದು ದಾಟಿರದ ಹುಡುಗಿ, ಕಣ್ಣು ಕೆಂಪಗಿತ್ತು. ಮಗಳ ಮುಖದಲ್ಲಿ ಸೊಂಡಿಲು, ಕಿವಿಯಲ್ಲಿ ರಟ್ಟು ಹಾಗೇ ಇದ್ದವು.

"ಮೇಡಂ, ನಮ್ ಮಗೀಗೆ ಏನ್ ಮಾಡಿದ್ರಿ?" ಎಂದಳು ಸವಿತಾ. "ಬೇಸ್ತವಾರ ಸಂಜೆಯಿಂದ ಒಂದ್ ಮಾತಾಡಿಲ್ಲ. ಕರುದ್ರೆ ಸೊಂಡ್ಲು ಎತ್ತತಾಳೆ."

ಅವಳು ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಗುರುವಾರ ರಾತ್ರಿ ಮಗು ತಟ್ಟೆಗೆ ಕೈ ಹಾಕದೆ ಕೂತಿತ್ತು. ಅನ್ನವನ್ನು ಸೊಂಡಿಲಿನ ಕೆಳಗಿನಿಂದ ತುತ್ತುಮಾಡಿ ತಿನ್ನಿಸಬೇಕಾಯಿತು. ಶುಕ್ರವಾರ, ಶನಿವಾರ ಶಾಲೆಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡರೆ, ರೇಷ್ಮೆಹುಳಕ್ಕೆಂದು ತಂದ ಸೊಪ್ಪನ್ನು ತಿನ್ನಲು ಹೋಗಿತ್ತು. ಸವಿತಾಳ ಮಾವ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದಾಗ ಬಾಯಲ್ಲಿ ನೀರು ತುಂಬಿಕೊಂಡು ಬಂದು ಅವರ ಬೆನ್ನಿಗೆ ಚಿಮ್ಮಿಸಿತ್ತು. ರಾತ್ರಿ ಮಲಗಿದಾಗಲೂ ಸೊಂಡಿಲು ಬಿಚ್ಚಲು ಬಿಡಲಿಲ್ಲ. ಅತ್ತೆಗೆ ಗಾಬರಿಯಾಯಿತು. ಯಾವುದೋ ಗಾಳಿ ಸೋಕಿದೆ, ನೀನು ಹೊತ್ತಲ್ಲದ ಹೊತ್ತಲ್ಲಿ ಮಗೂನ ಹೊಲದ ಕಡೆ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಸೊಸೆಯನ್ನು ಅಂದರು. ಭಾನುವಾರ ಎಲ್ಲರೂ ಸೇರಿ ಕಬ್ಬಾಳಿಗೆ ಹೋದರು. ಗುಡಿಯಲ್ಲಿ ಪೂಜಾರಿಯವರು ಮಗುವಿನ ತಲೆಯ ಮೇಲೆ ಕೈ ಇಡಲು ಬಗ್ಗಿದರೆ, ಮಗು ತನ್ನ ಸೊಂಡಿಲನ್ನು ಅವರ ತಲೆಯ ಮೇಲಿಟ್ಟು ಆಶೀರ್ವಾದ ಮಾಡಿತು. ಸಾಲಿನಲ್ಲಿದ್ದ ಇನ್ನೂ ಒಂದಿಬ್ಬರು ತಲೆ ಒಡ್ಡಿದರಂತೆ. ಪೂಜಾರಿಯವರು ನಗುತ್ತ, ಮಗುವಿಗೇನೂ ಆಗಿಲ್ಲ, ಸ್ಕೂಲಿನಲ್ಲಿ ವಿಚಾರಿಸಿ ಎಂದು ಪ್ರಸಾದ ಕೊಟ್ಟು ಕಳಿಸಿದರು.

ನಗು ಬರುತ್ತಿದೆ ಅಲ್ಲವೇ? ನನಗೂ ಹೊಟ್ಟೆಯೊಳಗೆಲ್ಲೋ ಗುಳುಗುಳು ಎಂದಿತು. ಆದರೆ ಸವಿತಾಳ ಮುಖ ನೋಡಿ ಅದು ಅಲ್ಲೇ ಇಂಗಿತು. ಅವಳ ಪಾಲಿಗೆ ಅದು ತಮಾಷೆಯಲ್ಲ. ದಿನವಿಡೀ ಅವ್ವಾ ಅವ್ವಾ ಎಂದು ಹಿಂದೆ ಬರುತ್ತಿದ್ದ ಮಗು ಒಮ್ಮೆಲೇ ಮಾತು ನಿಲ್ಲಿಸಿದರೆ ಮನೆ ಹೇಗಿರುತ್ತದೆ?

"ಇವತ್ತು ಇವಳು ಬಾಯ್ ಬುಡ್ನಿಲ್ಲ ಅಂದ್ರೆ ನಂಗೆ ಟೀಸಿ ಕೊಟ್ಬುಡಿ" ಎಂದಳು. "ಇಂಗ್ಲಿಷ್ ಸ್ಕೂಲಿಗೆ ಆಕ್ತೀನಿ. ಅಲ್ಲಿ ಓದು ಒಂದೇ, ಈ ಆಟ ಗೀಟ ಇರಾಕಿಲ್ಲ."

ಟೀಸಿ ಎಂಬ ಮಾತು ಆಫೀಸಿನೊಳಗಿದ್ದ ಸಿದ್ದಪ್ಪನವರ ಕಿವಿಗೆ ಬಿತ್ತು. ನಮ್ಮಂಥ ಶಾಲೆಯಲ್ಲಿ ಒಂದು ಮಗು ಹೋದರೆ ಅದರ ಹಿಂದೆ ಅಕ್ಕಪಕ್ಕದ ಮನೆಯವೂ ಹೋಗುತ್ತವೆ. ಹಾಗೆ ಖಾಲಿಯಾಗಿ ಬಾಗಿಲು ಹಾಕಿದ ಶಾಲೆಗಳನ್ನು ಅವರು ಕಂಡವರು. ಓಡಿಬಂದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನಿನ್ನ ಹೆಸರೇನಮ್ಮ ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದರು. ಮಗು ಕಿವಿ ಬೀಸಿತು. ಚಾಕಲೇಟು ತೋರಿಸಿದರು. ಸೊಂಡಿಲಿನೊಳಗೆ ತೂರಿಸಿದ ಕೈಯಿಂದ ಅದನ್ನು ತೆಗೆದುಕೊಂಡು, ಒಳಗಿನಿಂದಲೇ ಬಾಯಿಗೆ ಹಾಕಿಕೊಂಡು, ಅವರ ತಲೆಯ ಮೇಲೆ ಆಶೀರ್ವಾದವನ್ನಿಟ್ಟಿತು. ಸಿದ್ದಪ್ಪನವರು ಎದ್ದು ನನ್ನನ್ನು ಪಕ್ಕಕ್ಕೆ ಕರೆದು, ಏನಾದರೂ ಮಾಡಿ ಮೇಡಂ, ಪುಣ್ಯ ಬರುತ್ತೆ ಎಂದರು.

ಸವಿತಾಳನ್ನು ಕ್ಲಾಸಿಗೇ ಕರೆದುಕೊಂಡು ಹೋದೆ. ಬಾಗಿಲ ಬಳಿ ಕುರ್ಚಿ ಹಾಕಿದರೂ ಅವಳು ಕೂರಲಿಲ್ಲ. ಮಕ್ಕಳಿಗೆ ಮಾತ್ರ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಆನೆ ಬಂತು ಎಂದು ಎರಡನೇ ಸಾಲಿನಲ್ಲಿ ಜಾಗ ಬಿಟ್ಟರು. ನಾನು ಸಿಂಚನಾಳ ಮುಂದೆ ಕೂತು, ಪುಟ್ಟಾ, ಆಟ ಮುಗಿಯಿತು, ಇನ್ನು ಸೊಂಡಿಲು ಬಿಚ್ಚು ಎಂದೆ. ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಹಟ ಇರಲಿಲ್ಲ. ನಾನೇ ಏನನ್ನೋ ಮರೆತಿದ್ದೇನೆ, ನನಗೆ ಅದು ನೆನಪಾಗಲಿ ಎಂದು ಕಾಯುವ ತಾಳ್ಮೆ ಇತ್ತು.

ಆಗ ಪ್ರೀತಮ್ ಎದ್ದು ನಿಂತ. "ಮಿಸ್, ಆಟ ಎಲ್ಲಿ ಮುಗೀತು? ಊಟ ಆದ್ಮ್ಯಾಕೆ ಆನೇನ ಕಾಡಿಗೆ ಕಳ್ಸಾನ ಅಂದ್ರಿ. ಕಳಿಸ್ನೇ ಇಲ್ವಲ್ಲ."

ಸಿಂಚನ ಕಾಯುತ್ತಿದ್ದಳು. ಅಷ್ಟೇ. ಕಥೆ ಮುಗಿಯುವವರೆಗೆ ಪಾತ್ರ ಬಿಡಬಾರದು, ಆನೆ ಮಾತಾಡುವುದಿಲ್ಲ ಎಂದು ಮಿಸ್ ಹೇಳಿದ್ದರು. ಉಳಿದವರೆಲ್ಲ ಗಂಟೆ ಹೊಡೆದ ಕೂಡಲೇ ರಾಗಿತನ ಬಿಟ್ಟು ಅನ್ನ ಸಾರಿಗೆ ಓಡಿದ್ದರು. ನನ್ನ ಮಾತನ್ನು ಪೂರ್ತಿ ನಂಬಿದ್ದು ಈ ವಾಚಾಳಿ ಒಬ್ಬಳೇ. ನಾನು ಕನಕಪುರದಲ್ಲಿ ಒಬ್ಬಟ್ಟು ತಿಂದು ರೆಕ್ಕೆ ಬಡಿಯುತ್ತಿದ್ದಾಗ, ಇಲ್ಲಿ ಇವಳು ರಾಗಿ ಹೊಲದ ನಡುವೆ ಒಬ್ಬಳೇ ನಿಂತಿದ್ದಳು.

ಸರಿ, ಈಗಲೇ ಕಳಿಸೋಣ, ರಾಗಿಗಳೆಲ್ಲ ಎದ್ದೇಳಿ ಎಂದೆ. ಕ್ಷಣದಲ್ಲಿ ಹೊಲ ಬೆಳೆಯಿತು. ಆನೆ ನಡುವೆ ಬಂದು ನಿಂತಿತು. ಅವಳ ಕಣ್ಣು ಮಿಂಚಿದ್ದು ಸೊಂಡಿಲಿನ ಮೇಲಿನಿಂದ ಕಾಣುತ್ತಿತ್ತು.

ಆದರೆ ಆನೆಯನ್ನು ಕಳಿಸುವುದು ಅಷ್ಟು ಸುಲಭವೇ? ಪಟಾಕಿ ಹೊಡೆದರೆ ಹೋಗುತ್ತದೆ ಎಂದು ಒಬ್ಬ ಡಬ್ಬ ಬಡಿದ. ಆನೆ ನನ್ನ ಮೇಜಿನ ಕೆಳಗೆ ನುಗ್ಗಿ ಬಚ್ಚಿಟ್ಟುಕೊಂಡಿತು. ಹೆದರಿಸಬೇಡಿರೋ, ಮರಿ ಅದು ಎಂದು ಎರಡನೇ ಕ್ಲಾಸಿನ ಮಾನ್ಯ ಎಲ್ಲರನ್ನೂ ಗದರಿಸಿ, ಹಲಸಿನ ಹಣ್ಣು ಎಂದು ತನ್ನ ಸ್ಕೂಲ್ ಬ್ಯಾಗನ್ನು ಮುಂದಿಟ್ಟಳು. ಆನೆ ಹೊರಗೆ ಬಂದು ಹಣ್ಣು ತಿಂದು ಅಲ್ಲೇ ಆರಾಮಾಗಿ ಕೂತಿತು. ಪ್ರೀತಮ್ ಇಲಾಖೆಗೆ ಫೋನ್ ಮಾಡಿದ. ನೆಟ್‌ವರ್ಕ್ ಇನ್ನೂ ಬಂದಿರಲಿಲ್ಲ. ದಾರಿ ತೋರಿಸಿದರು, ಬೇಡಿಕೊಂಡರು, ಹಿಂದಿನಿಂದ ತಳ್ಳಿದರು. ಆನೆ ಜಗ್ಗಲಿಲ್ಲ. ಬಾಗಿಲಲ್ಲಿ ನಿಂತ ಸವಿತಾಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಈ ಮರಿ ಯಾರು ಕರೆದರೆ ಹೋಗುತ್ತದೆ ಎಂದು ಕೊನೆಗೆ ಮಕ್ಕಳನ್ನೇ ಕೇಳಿದೆ.

"ಅವರವ್ವ ಕರೀಬೇಕು ಮಿಸ್" ಎಂದಳು ಮಾನ್ಯ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಇಡೀ ರಾಗಿ ಹೊಲ ಒಟ್ಟಿಗೆ ಬಾಗಿಲ ಕಡೆ ತಿರುಗಿತು. ಆನೆಯೂ ತಿರುಗಿತು.

ಸವಿತಾ ಒಂದು ಹೆಜ್ಜೆ ಹಿಂದಕ್ಕಿಟ್ಟಳು. "ನಂಗೆ ಬರಾಕಿಲ್ಲ ಮೇಡಂ" ಎಂದಳು.

ಏನು ಬರುವುದಿಲ್ಲ ಎಂದೆ.

"ಆನೆ" ಎಂದಳು, ಬಹಳ ಸಣ್ಣ ದನಿಯಲ್ಲಿ.

ನನಗೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ, ಸುಮ್ಮನೆ ಕರೆಯಿರಿ ಎಂದೆ. ಅವಳು ಕಾರಿಡಾರಿನ ಆ ತುದಿ ನೋಡಿದಳು, ಈ ತುದಿ ನೋಡಿದಳು. ತಾನು ಬಂದದ್ದು ಜಗಳಕ್ಕೆ, ಟೀಸಿಗೆ. ಮನೆಯಲ್ಲಿ ಅತ್ತೆ ಕಾಯುತ್ತಿದ್ದಾರೆ. ಆಮೇಲೆ ಒಳಗೆ ಮೇಜಿನ ಪಕ್ಕ ಕೂತಿದ್ದ ಮಗಳನ್ನು ನೋಡಿದಳು. ಮೊಬೈಲನ್ನು ಕಿಟಕಿಯ ಮೇಲಿಟ್ಟಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಸುತ್ತಿ, ಒಂದು ತುದಿಯನ್ನು ಹಿಂದಕ್ಕೆ ಬಾಲದಂತೆ ಇಳಿಬಿಟ್ಟಳು. ಒಳಗೆ ಬಂದು, ಬಗ್ಗಿ, ಒಂದು ತೋಳನ್ನು ಮೂಗಿನ ಮುಂದೆ ತೂಗುಬಿಟ್ಟು, ಕಣ್ಣು ಮುಚ್ಚಿ ಕೂಗಿದಳು.

ಅದನ್ನು ಹೇಗೆ ವರ್ಣಿಸಲಿ? ಅದು ಆನೆಯ ಕೂಗಾಗಿರಲಿಲ್ಲ. ಚಾರ್ಜು ಇಳಿದ ಬ್ಯಾಟರಿಯ ಆಟೋ ಹಾರನ್ನಿನಿಂದ ಶುರುವಾಗಿ, ನಡುವೆ ಎಮ್ಮೆಯ ಮೂಲಕ ಹಾದು, ಕೊನೆಗೆ ಪ್ರೆಷರ್ ಕುಕ್ಕರಿನಲ್ಲಿ ಮುಗಿಯಿತು. ಆಮೇಲೆ ರಾಗಿ ಹೊಲದ ಯಾವುದೋ ಮೂಲೆಯಿಂದ ಕಿಸಕ್ಕೆಂದಿತು. ಅಷ್ಟೇ ಸಾಕಾಯಿತು. ತೆನೆಗಳೆಲ್ಲ ಒಂದರ ಮೇಲೊಂದು ಬಿದ್ದವು. ಪ್ರೀತಮ್ ಬೆಂಚಿನಿಂದ ಜಾರಿದ. ನಾನು ಕಪ್ಪುಹಲಗೆ ಹಿಡಿದುಕೊಂಡೆ. ಸವಿತಾ ಕಣ್ಣು ತೆರೆದು, ನಮ್ಮನ್ನೆಲ್ಲ ನೋಡಿ, ತಾನೂ ನಕ್ಕಳು. ಮುಖ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ಅಂದರೆ ನಗುವಿನ ನಡುವೆ ಅಷ್ಟು ದಿನದ ಅಳುವೂ ಬಂದು ಸೇರಿಕೊಂಡಿತು. ವೇಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಮತ್ತೆ ಬಗ್ಗಿ, ಈ ಸಲ ಕಣ್ಣು ತೆರೆದುಕೊಂಡೇ ಮಗಳನ್ನು ಕರೆದಳು. ಕೂಗು ಮೊದಲಿಗಿಂತ ಕೆಟ್ಟದಾಗಿತ್ತು.

ಮರಿಯಾನೆ ಎದ್ದು ಸೊಂಡಿಲು ಎತ್ತಿತು. ಹೆಜ್ಜೆ ಮೇಲೆ ಹೆಜ್ಜೆ ಇಟ್ಟು, ಬಿದ್ದ ರಾಗಿಯನ್ನು ತುಳಿಯದಂತೆ ಬಳಸಿಕೊಂಡು, ಅಮ್ಮನ ಹತ್ತಿರ ಬಂದು, ವೇಲಿನ ಬಾಲವನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಅಮ್ಮ ಆನೆ ಬಾಗಿಲ ಕಡೆ ಹೊರಟಿತು. ಅದು ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲಿಲ್ಲ. ಮರಿ ಹಿಂದೆ ಹೋಯಿತು. ಮಾನ್ಯ ಮರಿಯ ಲಂಗ ಹಿಡಿದುಕೊಂಡಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಡಬ್ಬ ಬಡಿದವನು. ರಾಗಿ ಯಾವಾಗ ಆನೆಯಾಯಿತೋ ಗೊತ್ತಿಲ್ಲ, ಇಡೀ ಕ್ಲಾಸು ಹಿಂಡಾಗಿ ಕಾರಿಡಾರಿಗೆ ಇಳಿದಿತ್ತು. ಇಲಾಖೆಯ ಪ್ರೀತಮ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹಿಂಡಿಗೆ ಸೇರಿದ. ಕೋಣೆಯಲ್ಲಿ ಒಬ್ಬಳೇ ನಿಂತು ನಾನೇನು ಮಾಡಲಿ? ಒಂದು ತೋಳು ಮೂಗಿನ ಮುಂದೆ ತೂಗುಬಿಟ್ಟು, ಇನ್ನೊಂದು ಕೈಯಲ್ಲಿ ಪ್ರೀತಮ್‌ನ ಅಂಗಿ ಹಿಡಿದು ಸಾಲಿನ ಕೊನೆಯಲ್ಲಿ ಹೊರಟೆ.

ಆಫೀಸಿನ ಮುಂದೆ ಸಿದ್ದಪ್ಪನವರು ನಿಂತಿದ್ದರು. ಟೀಸಿ ಕೇಳಲು ಬಂದ ತಾಯಿ ಮುಂದಿನ ಆನೆಯಾಗಿ ಬರುತ್ತಿರುವುದನ್ನು ನೋಡಿದರು. ಕೊನೆಯ ಆನೆಯನ್ನೂ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋಗಿ, ದಾರಿಗೆ ಅಡ್ಡವಾಗಿ ನಿಲ್ಲಿಸಿದ್ದ ತಮ್ಮ ಬೈಕನ್ನು ಪಕ್ಕಕ್ಕೆ ಸರಿಸಿದರು. ಹಿಂಡು ಸರಾಗವಾಗಿ ದಾಟಿತು.

ಶಾಲೆಯ ಬೇಲಿಯ ಆಚೆ ಒಂದು ಹೊಂಗೆಮರ, ಅದರ ಹಿಂದೆ ಹಿಪ್ಪುನೇರಳೆ ತೋಟ, ಅದರಾಚೆ ನಿಜವಾದ ಕಾಡಿನ ಗುಡ್ಡ. ಹೊಂಗೆಮರದ ಕೆಳಗೆ ಸವಿತಾ ನಿಂತಳು. ಹಿಂಡೂ ನಿಂತಿತು. ಇದೇ ಕಾಡು, ಆನೆ ಮನೆಗೆ ಬಂತು, ಕಥೆ ಮುಗಿಯಿತು ಎಂದು ನಾನು ಹಿಂದಿನಿಂದ ಗಟ್ಟಿಯಾಗಿ ಹೇಳಿದೆ. ಈ ಸಲ ಒಂದಕ್ಷರ ಬಿಡದೆ ಹೇಳಿದೆ.

ಸಿಂಚನ ಎರಡೂ ಕೈಯಿಂದ ಸೊಂಡಿಲನ್ನು ಎತ್ತಿ ಹಣೆಯ ಮೇಲೆ ಸರಿಸಿದಳು. ಮೂಗಿನ ಸುತ್ತ ದಾರದ ಗುರುತು ಕೆಂಪಗಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಸವಿತಾ ಮಂಡಿಯೂರಿ ಕೂತು ಮಗಳ ಭುಜ ಹಿಡಿದಿದ್ದಳು. ಮಗು ದೀರ್ಘವಾಗಿ ಒಂದು ಉಸಿರು ಎಳೆದುಕೊಂಡಿತು. ಬೇಸ್ತವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸುದ್ದಿ ಹೊರಬಂತು.

"ಅವ್ವಾ, ನನ್ ಹಲ್ಲು ಅಲ್ಲಾಡ್ತಾ ಐತೆ."

ಸವಿತಾ ಬೆರಳಿಟ್ಟು ನೋಡಿದಳು. ಹೌದೆಂದು ತಲೆ ಆಡಿಸಿದಳು. ಹಿಂಡು ಸಾಲು ಮುರಿದುಕೊಂಡು ಮುಂದಕ್ಕೆ ನುಗ್ಗಿತು. ಸಿಂಚನ ಬಾಯಿ ಅಗಲಿಸಿ ಎಲ್ಲರಿಗೂ ತೋರಿಸಿದಳು. ಮೇಲಿನದಲ್ಲ ಕೆಳಗಿನದು ಎಂದಳು, ಮುಟ್ಟಬಹುದು ಆದರೆ ಎಳೆಯಬಾರದು ಎಂದಳು, ಆನೆಗೂ ಹಲ್ಲು ಬೀಳುತ್ತಾ ಎಂದು ಕೇಳಿದಳು, ಉತ್ತರಕ್ಕೆ ಕಾಯದೆ ಅಜ್ಜಿಯ ಹಲ್ಲಿನ ಕಥೆಗೆ ಹೋದಳು. ನಾವು ಸರದಿಯಲ್ಲಿ ನಿಂತೆವು. ನನ್ನ ಸರದಿ ಬಂದಾಗ ಬಗ್ಗಿ, ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿದೆ. ನಿಜವಾಗಿಯೂ ಅಲ್ಲಾಡುತ್ತಿತ್ತು.